ಲೆಕ್ಕಕ್ಕೆ ಬಾರದ ಇಪ್ಪತ್ತಾರು ರನ್ನು

ಅಮೆರಿಕ ಕೊಟ್ಟ ಹೆಸರುಗಳಲ್ಲಿ ಶ್ರೀಕಂಠನಿಗೆ ಇಷ್ಟವಾದದ್ದು ಒಂದೇ: ಕೋಚ್ ಶ್ರೀ. ಮಿಲ್ಪಿಟಾಸಿನ ಸರ್ಕ್ಯೂಟ್ ಬೋರ್ಡ್ ಕಂಪನಿಯಲ್ಲಿ ಅವನು ಬರೀ ಟೆಸ್ಟಿಂಗಿನವನು. ಮೀಟಿಂಗಿನಲ್ಲಿ ಅವನು ಬಾಯಿ ತೆರೆದರೆ ಎದುರಿಗಿದ್ದವರು ಗಡಿಯಾರ ನೋಡುತ್ತಿದ್ದರು. ಫ್ರೀಮಾಂಟಿನ ಕನ್ನಡದವರ ಮನೆಗಳಿಗೆ ಊಟಕ್ಕೆ ಹೋದರೆ, ಅನ್ನಕ್ಕೆ ಸಾರು ಬೀಳುವ ಮೊದಲೇ "ಇನ್ನೂ ಅದೇ ಕಂಪ್ನೀಲಿದೀಯೇನೋ?" ಎನ್ನುವ ಪ್ರಶ್ನೆ ಬೀಳುತ್ತಿತ್ತು. ಅದು ಎರಡು ಸಾವಿರದ ಇಸವಿಯ ವಸಂತ. ನಿನ್ನೆ ಮೊನ್ನೆ ವಿಮಾನ ಇಳಿದ ಹುಡುಗರೆಲ್ಲ ಡಾಟ್ ಕಾಮುಗಳಿಗೆ ನುಗ್ಗಿ, ಹಳೆಯ ವಿಸಿಟಿಂಗ್ ಕಾರ್ಡು ಮುಗಿಯುವ ಮುಂಚೆಯೇ ಹೊಸದು ಮಾಡಿಸಿಕೊಳ್ಳುತ್ತಿದ್ದ ಕಾಲ. ಅಂಥ ಕಾಲದಲ್ಲಿ ವರ್ಷಗಟ್ಟಲೆ ಒಂದೇ ಕುರ್ಚಿಯಲ್ಲಿ ಕೂತವನನ್ನು ಜನ ಏನೋ ಕಾಯಿಲೆಯವನ ಹಾಗೆ ವಿಚಾರಿಸುತ್ತಿದ್ದರು.

ಆದರೆ ಶನಿವಾರ ಬೆಳಿಗ್ಗೆಯ ಮಾತೇ ಬೇರೆ. ಪಾರ್ಕಿನ ಸಾಫ್ಟ್‌ಬಾಲ್ ಮೈದಾನದಲ್ಲಿ ಹಸಿರು ಅಂಗಿಯ ಹುಡುಗಿಯರು "ಕೋಚ್ ಶ್ರೀ, ಕೋಚ್ ಶ್ರೀ" ಎಂದು ಮುತ್ತಿಕೊಂಡರೆ ಆ ಮನುಷ್ಯನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು. ಇಡೀ ವಾರದಲ್ಲಿ ಅವನು ಯಾರಿಗಾದರೂ ಬೇಕಾದವನಾಗಿದ್ದದ್ದು ಅಲ್ಲಿ ಮಾತ್ರ. ಆ ಜಾಗ ಉಳಿಯಬೇಕು, ಆ ಹುಡುಗಿಯರು ಗೆಲ್ಲಬೇಕು, ಗೆದ್ದ ದಿನ ತಾನು ಮಗಳ ಪಕ್ಕದಲ್ಲಿ ನಿಂತಿರಬೇಕು. ಅವನು ದೇವರನ್ನು ಕೇಳುತ್ತಿದ್ದದ್ದು ಇಷ್ಟೇ.

ಮಗಳು ನಿಸರ್ಗಾ ಆ ತಂಡದ ಪಿಚ್ಚರ್, ಅಂದರೆ ಚೆಂಡು ಎಸೆಯುವವಳು. ಸಾಫ್ಟ್‌ಬಾಲು ಅಂದರೆ ಹೆಣ್ಣುಮಕ್ಕಳ ಬೇಸ್‌ಬಾಲು. ಇದರಲ್ಲಿ ಕೈಯನ್ನು ಒಂದು ಪೂರ್ತಿ ಸುತ್ತು ತಿರುಗಿಸಿ ಸೊಂಟದ ಕೆಳಗಿಂದ ಎಸೆಯಬೇಕು. ಮಂಡ್ಯದಲ್ಲಿ ಎಡಗೈ ಸ್ಪಿನ್ನು ಹಾಕಿ ಬೆಳೆದ ಶ್ರೀಕಂಠನಿಗೆ ಅದರ ಗಂಧಗಾಳಿಯೂ ಇರಲಿಲ್ಲ. ಮಗಳಿಗೋಸ್ಕರ ಕಲಿತ. ಆಫೀಸಿನಿಂದ ಬಂದವನೇ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಅವಳು ಎಸೆದ ಚೆಂಡುಗಳನ್ನು ಹಿಡಿಯುತ್ತಿದ್ದ. ಒಂದೆರಡು ಸಲ ಮಂಡಿಚಿಪ್ಪಿಗೆ ಬಿದ್ದು ವಾರಗಟ್ಟಲೆ ಕುಂಟಿದ್ದೂ ಉಂಟು. ಹನ್ನೊಂದರ ಆ ಹುಡುಗಿ ಆ ವಸಂತದ ಹೊತ್ತಿಗೆ ಲೀಗಿನಲ್ಲೇ ಎಲ್ಲರಿಗಿಂತ ಜೋರಾಗಿ ಎಸೆಯುತ್ತಿದ್ದಳು. ಅವನು ಕನ್ನಡದಲ್ಲಿ ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು. ಇಬ್ಬರಿಗೂ ಅದು ರೂಢಿಯಾಗಿತ್ತು.

ತಂಡದ ಮುಖ್ಯ ಕೋಚು ಡಯೇನ್. ಆಸ್ಪತ್ರೆಯೊಂದರಲ್ಲಿ ನರ್ಸು, ಐವತ್ತು ದಾಟಿದ ಹೆಂಗಸು, ಹುಟ್ಟಿದಾಗಿನಿಂದ ಬೇಸ್‌ಬಾಲು ನೋಡಿಕೊಂಡು ಬಂದವಳು. ಶ್ರೀಕಂಠ ಅವಳ ಸಹಾಯಕ. ಸೀಸನ್ನು ಶುರುವಾಗುವ ಮೊದಲು ಪಿಜ್ಜಾ ಅಂಗಡಿಯಲ್ಲಿ ಅಪ್ಪ ಅಮ್ಮಂದಿರನ್ನೆಲ್ಲ ಕೂರಿಸಿಕೊಂಡು ಅವಳು ಲೀಗಿನ ನಿಯಮ ವಿವರಿಸಿದ್ದಳು. ಕೊನೆಯಲ್ಲಿ ಎರಡು ತಂಡಗಳ ಗೆಲುವು ಸಮವಾದರೆ ಅವೆರಡೂ ಪರಸ್ಪರ ಆಡಿದ ಪಂದ್ಯಗಳಲ್ಲಿ ಯಾರದು ಮೇಲುಗೈ ಎಂದು ನೋಡುತ್ತಾರೆ. ಅದೂ ಸಮವಾದರೆ ಇಬ್ಬರ ನಡುವೆ ಇನ್ನೊಂದೇ ಒಂದು ಹೆಚ್ಚಿನ ಪಂದ್ಯ. ಗೆದ್ದವರು ಚಾಂಪಿಯನ್ನು.

"ಹಾಗಾದರೆ ರನ್ನು?" ಎಂದು ಶ್ರೀಕಂಠ ಕೇಳಿದ.

"ರನ್ನು ಲೆಕ್ಕಕ್ಕಿಲ್ಲ" ಎಂದಳು ಡಯೇನ್. "ದೊಡ್ಡವರ ಆಟದಲ್ಲೂ ಇಲ್ಲ. ತೊಂಬತ್ತೆಂಟರಲ್ಲಿ ನಮ್ಮ ಜೈಂಟ್ಸು ಮತ್ತು ಚಿಕಾಗೋದವರು ನೂರ ಅರವತ್ತೆರಡು ಆಟ ಆಡಿ ಸಮವಾದರು. ಹಿಂದೆ ಯಾರು ಎಷ್ಟು ಹೊಡೆದಿದ್ದರು ಅಂತ ಯಾರೂ ಕೇಳಲಿಲ್ಲ. ನೂರ ಅರವತ್ತಮೂರನೇ ಆಟ ಆಡಿಸಿದರು. ಯಾವ ಊರಲ್ಲಿ ಅನ್ನುವುದಕ್ಕೆ ನಾಣ್ಯ ಚಿಮ್ಮಿದ್ದರು. ಚಿಕಾಗೋದಲ್ಲಿ ಸೋತೆವು. ನಾನು ಆಸ್ಪತ್ರೆ ಕ್ಯಾಂಟೀನಿನಲ್ಲಿ ಕೂತು ಅತ್ತುಬಿಟ್ಟೆ."

ಶ್ರೀಕಂಠ ತಲೆ ಆಡಿಸಿದ. ಆದರೆ ಒಂದಕ್ಷರವನ್ನೂ ನಂಬಲಿಲ್ಲ. ಆರು ತಿಂಗಳು ಬೆವರು ಸುರಿಸಿ ಹೊಡೆದ ರನ್ನಿಗೆ ಬೆಲೆ ಇಲ್ಲ, ಆದರೆ ನಾಣ್ಯಕ್ಕೆ ಬೆಲೆ ಇದೆಯೇ? ಕ್ರಿಕೆಟ್ಟಿನಲ್ಲಿ ಮೊನ್ನೆ ತಾನೇ ವಿಶ್ವಕಪ್ಪಿನ ಸೆಮಿಫೈನಲ್ಲು ಟೈ ಆದಾಗ, ಪಟ್ಟಿಯಲ್ಲಿ ಮೇಲಿದ್ದವರು ಫೈನಲಿಗೆ ಹೋಗಿರಲಿಲ್ಲವೇ? ಬಾಯಲ್ಲಿ ಹೇಳುವ ನಿಯಮ ಒಂದು, ಸಮಯ ಬಂದಾಗ ಮೇಜಿನ ಡ್ರಾಯರಿನಿಂದ ಹೊರಬರುವ ನಿಯಮ ಇನ್ನೊಂದು ಎನ್ನುವುದು ಅವನ ಅನುಭವ. ಅನುಭವ ಸುಳ್ಳೂ ಅಲ್ಲ. ಕಾಲೇಜಿನ ಕೊನೆಯ ವರ್ಷ ಅವನು ಮಂಡ್ಯದ ತಂಡವೊಂದಕ್ಕೆ ಕ್ಯಾಪ್ಟನ್ ಆಗಿದ್ದ. ಕೊನೆಯ ಲೀಗು ಪಂದ್ಯ ಒಂದು ಬಡಪಾಯಿ ತಂಡದ ಮೇಲೆ. ಗೆಲುವು ಗ್ಯಾರಂಟಿಯಾದ ಮೇಲೆ ಪಾಪ ಎನಿಸಿ, ಬ್ಯಾಟು ಹಿಡಿದೇ ಗೊತ್ತಿಲ್ಲದ ಹುಡುಗರನ್ನೆಲ್ಲ ಮೊದಲು ಕಳಿಸಿ, ಒಂದೊಂದೇ ರನ್ನು ತೆಗೆದುಕೊಂಡು ನಿಧಾನವಾಗಿ ಗೆದ್ದ. ಸಂಜೆ ನೋಡಿದರೆ ಅಂಕ ಸಮ. ಆಗ ಸಂಘಟಕರು ನಿಧಾನವಾಗಿ ಕೆಮ್ಮಿ, ರನ್ ರೇಟು ನೋಡುತ್ತೇವೆ ಅಂದರು. ಅಲ್ಲಿಯವರೆಗೆ ಆ ಮಾತನ್ನು ಯಾರೂ ಎತ್ತಿರಲಿಲ್ಲ. ಮೈಸೂರಿಗೆ ಆಡಲು ಹೋದದ್ದು ಬೇರೆ ತಂಡ. ಅವತ್ತೇ ಅವನು ತೀರ್ಮಾನಿಸಿದ್ದ, ಇನ್ನು ಮೇಲೆ ಯಾರ ಮೇಲೂ ಪಾಪ ನೋಡುವುದಿಲ್ಲ ಎಂದು.

ಆ ತೀರ್ಮಾನವನ್ನು ಜಾರಿಗೆ ತರಲು ಅವನಿಗೆ ಅಷ್ಟು ವರ್ಷ ಅವಕಾಶವೇ ಸಿಗಲಿಲ್ಲ. ಸಿಕ್ಕಾಗ ಎದುರಿಗಿದ್ದವರು ಹತ್ತು ವರ್ಷದ ಹೆಣ್ಣುಮಕ್ಕಳು.

ಸೀಸನ್ನಿನ ಕೊನೆಯ ಶನಿವಾರ. ಹಸಿರು ತಂಡದ ಗೆಲುವೂ ನೀಲಿ ತಂಡದ ಗೆಲುವೂ ಸರಿಸಮ. ಪರಸ್ಪರ ಆಡಿದ್ದರಲ್ಲಿ ಇವರೊಂದು ಅವರೊಂದು ಗೆದ್ದಿದ್ದರು. ನೀಲಿಯವರ ಪಂದ್ಯ ಪಕ್ಕದ ಮೈದಾನದಲ್ಲೇ ನಡೆದಿತ್ತು, ಅವರು ಗೆಲ್ಲುವ ಹಾಗೇ ಕಾಣುತ್ತಿತ್ತು. ಹಸಿರಿನವರಿಗೆ ಸಿಕ್ಕದ್ದು ನೇರಳೆ ಅಂಗಿಯ ತಂಡ. ಅವರು ಆ ವರ್ಷ ಒಂದನ್ನೂ ಗೆದ್ದಿರಲಿಲ್ಲ. ಇಬ್ಬರು ಹುಡುಗಿಯರು ಬಂದೇ ಇರಲಿಲ್ಲ. ಚೆಂಡು ಎಸೆಯಲು ನಿಂತವಳು ಹಲ್ಲಿಗೆ ತಂತಿ ಹಾಕಿಸಿಕೊಂಡಿದ್ದ ಒಂದು ಪುಟಾಣಿ. ಅವಳ ಟೋಪಿ ಕಿವಿಯವರೆಗೂ ಇಳಿದಿತ್ತು. ಡಯೇನ್‌ಗೆ ಆಸ್ಪತ್ರೆಯಲ್ಲಿ ಡ್ಯೂಟಿ ಬಿದ್ದದ್ದರಿಂದ ಅವತ್ತಿನ ಯಜಮಾನಿಕೆ ಶ್ರೀಕಂಠನದು. ಅವನು ಹಿಂದಿನ ದಿನವೇ ಟೋಪಿ ಒಗೆದು ಒಣಹಾಕಿದ್ದ.

ಈ ಆಟದಲ್ಲಿ ಮೂರು ಬೇಸು ಮುಟ್ಟಿ ಹೊರಟ ಜಾಗಕ್ಕೆ, ಅಂದರೆ ಮನೆಗೆ, ವಾಪಸು ಬಂದರೆ ಒಂದು ರನ್ನು. ಮೂರನೇ ಬೇಸಿನ ಪಕ್ಕದಲ್ಲಿ ಕೋಚು ನಿಲ್ಲುವ ಜಾಗ. ಓಡಿ ಬರುವ ಹುಡುಗಿಗೆ ಅಲ್ಲೇ ನಿಲ್ಲು ಎನ್ನಬೇಕಾದರೆ ಎರಡೂ ಕೈ ಎತ್ತುತ್ತಾರೆ. ಮನೆಗೆ ಓಡು, ರನ್ನು ಮಾಡು ಎನ್ನಬೇಕಾದರೆ ಒಂದು ಕೈಯನ್ನು ಗರಗರ ತಿರುಗಿಸುತ್ತಾರೆ. ತಂಡ ಬಹಳ ಮುಂದೆ ಹೋದಾಗ ಕೋಚುಗಳು ಸುಮ್ಮನೆ ಕೈ ಎತ್ತಿಬಿಡುತ್ತಾರೆ. ಎಲ್ಲೂ ಬರೆದಿಲ್ಲದಿದ್ದರೂ ಎಲ್ಲರೂ ಪಾಲಿಸುವ ಮರ್ಯಾದೆ ಅದು. ಶ್ರೀಕಂಠನ ಕೈ ತಿರುಗುತ್ತಲೇ ಇತ್ತು. ಐದಾಯಿತು, ಒಂಬತ್ತಾಯಿತು, ಹದಿನಾಲ್ಕಾಯಿತು. ನೇರಳೆಯ ಹುಡುಗಿಯರು ಒಬ್ಬರಿಗೊಬ್ಬರು ಚೆಂಡು ಎಸೆಯುವುದರಲ್ಲೇ ತಪ್ಪುತ್ತಿದ್ದರು. ಅವರು ಒಂದೊಂದು ಸಲ ತಪ್ಪಿದಾಗಲೂ ಇವನ ಕೈ ಒಂದೊಂದು ಸುತ್ತು ತಿರುಗಿತು.

ಅಂಪೈರು, ರಿಟೈರಾದ ಬಸ್ ಡ್ರೈವರು, ಮುಖಗವಸು ತೆಗೆದು ಹತ್ತಿರ ಬಂದ. ಹನ್ನೆರಡಕ್ಕಿಂತ ಹೆಚ್ಚು ಮುಂದಿದ್ದರೆ, ಮುಂದಿರುವ ಕೋಚು ಒಪ್ಪಿದರೆ, ಆಟವನ್ನು ಅಲ್ಲಿಗೇ ಮುಗಿಸಬಹುದು ಎಂಬ ನಿಯಮವಿತ್ತು. ಒಪ್ಪದ ಕೋಚನ್ನು ಅವನು ಇದುವರೆಗೆ ಕಂಡಿರಲಿಲ್ಲ. ಹಾಗಾಗಿ ಕೇಳುವಾಗಲೇ ಗಂಟು ಮೂಟೆ ಕಟ್ಟಿಕೊಳ್ಳುವವನ ಹಾಗೆ ಕೇಳಿದ: "ಇಲ್ಲಿಗೆ ಸಾಕಲ್ಲವೇ?"

"ಇಲ್ಲ, ಪೂರ್ತಿ ಆಡೋಣ" ಎಂದ ಶ್ರೀಕಂಠ.

ಅಂಪೈರು ಅವನ ಮುಖವನ್ನೇ ಒಂದು ಕ್ಷಣ ನೋಡಿ, ಗವಸು ಹಾಕಿಕೊಂಡು ವಾಪಸು ನಡೆದ.

ಪಾಳಿ ಬದಲಾಗುವಾಗ ನಿಸರ್ಗಾ ಬೆಂಚಿನ ಹತ್ತಿರ ಬಂದು, ಅಪ್ಪಾ ನಿಲ್ಲಿಸೋಣವಾ, ಆ ಹುಡುಗಿ ಅಳುತ್ತಿದ್ದಾಳೆ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು.

"ಅಳ್ಲಿ ಬುಡು ಕೂಸೇ. ನೀಲಿಯೋರು ಆ ಕಡೆ ಹೊಡೀತಾವ್ರೆ ನೋಡು. ಕೊನೇಲಿ ಯಾವ್ದು ಕೌಂಟ್ ಆಯ್ತದೋ ಯಾರ್ ಕಂಡೋರು? ಇನ್ನೊಂದೀಟು, ಅಷ್ಟೇ" ಎಂದ.

ಅವಳು ಹೋಗಿ ನಿಂತಳು. ಎದುರಿಗೆ ಬ್ಯಾಟು ಹಿಡಿದು ಬಂದವಳು ಅದೇ ಹಲ್ಲುತಂತಿಯ ಪುಟಾಣಿ. ನಿಸರ್ಗಾ ಎಸೆದ ಚೆಂಡು ಅವಳಿಂದ ಒಂದು ಮಾರು ದೂರ ಹೋಯಿತು. ಎರಡನೆಯದೂ ಹಾಗೇ. ನಾಲ್ಕು ಚೆಂಡು ಹಾಗೆ ಆಚೆ ಹೋದರೆ ಬ್ಯಾಟು ಹಿಡಿದವಳಿಗೆ ಮೊದಲ ಬೇಸು ಪುಕ್ಕಟೆ. ಪುಟಾಣಿ ಕಣ್ಣೊರೆಸಿಕೊಂಡು ಕುಣಿಯುತ್ತ ಬೇಸಿಗೆ ಓಡಿದಳು. ಮುಂದಿನವಳಿಗೂ ನಾಲ್ಕು. ಅದರ ಮುಂದಿನವಳಿಗೂ ನಾಲ್ಕು. ಬೇಸುಗಳೆಲ್ಲ ತುಂಬಿ, ನಾಲ್ಕನೆಯವಳಿಗೂ ಹಾಗೇ ಎಸೆದಾಗ ಪುಟಾಣಿ ಮನೆ ಮುಟ್ಟಿದಳು. ನೇರಳೆ ತಂಡಕ್ಕೆ ಒಂದು ರನ್ನು. ಅವರ ಅಪ್ಪ ಅಮ್ಮಂದಿರು ಕಪ್ಪು ಗೆದ್ದವರಂತೆ ಎದ್ದು ಚಪ್ಪಾಳೆ ತಟ್ಟಿದರು. ನಿಸರ್ಗಾಳ ಮುಖದಲ್ಲಿ ಅವತ್ತು ಮೊದಲ ಸಲ ನಗು ಕಂಡಿತು.

ಶ್ರೀಕಂಠನಿಗೆ ಮೈಯೆಲ್ಲ ಉರಿದುಹೋಯಿತು. ಯಾಕೆ ಹೀಗೆ ಎಸೆಯುತ್ತಿದ್ದಾಳೆ ಎನ್ನುವುದು ಆ ಮೈದಾನದಲ್ಲಿದ್ದ ನಾಯಿಮರಿಗೂ ಗೊತ್ತಾಗಿತ್ತು. ಇವನಿಗೆ ಗೊತ್ತಾಗಲಿಲ್ಲ, ಅಥವಾ ಗೊತ್ತಾಗಲು ಅವನು ಬಿಡಲಿಲ್ಲ.

"ಏನ್ ಬಂದದೆ ನಿಂಗೆ? ಕೈ ಮುರ್ದೋಗದಾ? ದಿನಾ ಪಾರ್ಕಿಂಗ್ ಲಾಟಲ್ಲಿ ಹೇಳ್ಕೊಟ್ಟಿದ್ದು ಇದ್ನೇನಾ? ನಾಚ್ಕೆ ಆಗ್ಬೇಕು ನಿಂಗೆ! ನೆಟ್ಗೆ ಹಾಕು!"

ಕನ್ನಡ ಬರುತ್ತಿದ್ದವರು ಅಲ್ಲಿ ಮೂರು ನಾಲ್ಕು ಜನ ಅಷ್ಟೇ. ಆದರೆ ಇಂಥ ಮಾತು ಅರ್ಥವಾಗಲು ಭಾಷೆ ಬೇಕಾಗಿಲ್ಲ. ನಿಸರ್ಗಾ ಅಪ್ಪನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಿರುಗಿ, ನೆಟ್ಟಗೆ, ಎಂದೂ ಎಸೆಯದಷ್ಟು ಜೋರಾಗಿ ಎಸೆದಳು. ನೇರಳೆಯವರಲ್ಲಿ ಇನ್ನೊಬ್ಬಳಿಗೂ ಚೆಂಡು ಮುಟ್ಟಲು ಆಗಲಿಲ್ಲ. ಮುಗಿದಾಗ ಇಪ್ಪತ್ತಾರು, ಒಂದು.

ಆಟ ಮುಗಿದ ಮೇಲೆ ಎರಡು ತಂಡಗಳೂ ಸಾಲುಗಟ್ಟಿ ಕೈಗೆ ಕೈ ತಟ್ಟಿಕೊಂಡು ಹೋಗುವ ಪದ್ಧತಿ. ಹುಡುಗಿಯರು ತಟ್ಟಿದರು. ನೇರಳೆ ತಂಡದ ಕೋಚು, ನಲ್ಲಿ ರಿಪೇರಿಯ ದಢೂತಿ ಮನುಷ್ಯ, ಶ್ರೀಕಂಠ ಚಾಚಿದ ಕೈಯನ್ನು ನೋಡಿ ತನ್ನ ಕೈಗಳನ್ನು ಜೇಬಿನೊಳಗೇ ಇಟ್ಟುಕೊಂಡ. "ಇದರಿಂದ ನಿಮಗೆ ಏನು ಸಿಕ್ಕಿತು, ಹೇಳಿ?" ಎಂದಷ್ಟೇ ಕೇಳಿ, ಉತ್ತರಕ್ಕೆ ಕಾಯದೆ ಹೋದ. ಶ್ರೀಕಂಠನನ್ನು ಅಭಿನಂದಿಸಿದವನು ಒಬ್ಬನೇ. ಹಸಿರು ತಂಡದ ಇನ್ನೊಬ್ಬ ಹುಡುಗಿಯ ಅಪ್ಪ ಶೇಷಗಿರಿ, ಡಾಟ್ ಕಾಮಿನವನು, ತಾನೂ ಒಂದು ಕಾಲದ ಕ್ರಿಕೆಟ್ಟಿಗ. "ಸೂಪರ್ ಕಣೋ ಶ್ರೀ, ಧೂಳೆಬ್ಬಿಸ್ಬಿಟ್ಟೆ. ನೆಟ್ ರನ್ ರೇಟಲ್ಲಿ ಇನ್ ನಮ್ಮನ್ ಯಾರೂ ಮುಟ್ಟಂಗಿಲ್ಲ ಬಿಡು" ಎಂದು ಬೆನ್ನು ತಟ್ಟಿದ.

ಆ ಮಾತಿನ ಬಲದಲ್ಲೇ ಶ್ರೀಕಂಠ ಲೀಗಿನವರ ಮೇಜಿನ ಬಳಿ ಹೋದ. ನೀಲಿಯವರೂ ಗೆದ್ದಿದ್ದರು, ಆರಕ್ಕೆ ಮೂರು. ಮೂಗಿನ ಮೇಲೆ ಬಿಳಿ ಸನ್‌ಸ್ಕ್ರೀನು ಬಳಿದುಕೊಂಡ ಹೆಂಗಸೊಬ್ಬಳು, ಹೆಚ್ಚಿನ ಪಂದ್ಯ ಮುಂದಿನ ಶನಿವಾರ ಎಂದಳು.

"ಮೊದಲು ರನ್ನಿನ ವ್ಯತ್ಯಾಸ ನೋಡುವುದಿಲ್ಲವೇ? ನಮ್ಮದು ಇವತ್ತೇ ಇಪ್ಪತ್ತೈದು."

"ರನ್ನೇ? ಅದನ್ನ ನಾವು ಇಟ್ಟುಕೊಳ್ಳುವುದೇ ಇಲ್ಲ. ಗೆದ್ದವರು ಯಾರು ಅಂತ ಮಾತ್ರ. ಮಕ್ಕಳ ಮೇಲೆ ಯಾರೂ ಸುಮ್ಮನೆ ರನ್ನು ಗುಡ್ಡೆ ಹಾಕದೆ ಇರಲಿ ಅಂತಲೇ ಹಾಗೆ ಮಾಡಿದ್ದು." ಅವಳು ವ್ಯಂಗ್ಯಕ್ಕೆ ಹೇಳಲಿಲ್ಲ. ಅವನು ಯಾರೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಡ್ರಾಯರು ಇರಲಿಲ್ಲ. ಡಯೇನ್ ಪಿಜ್ಜಾ ಅಂಗಡಿಯಲ್ಲಿ ಹೇಳಿದ್ದೇ ನಿಯಮ, ಅದರ ಹಿಂದೆ ಬೇರೆ ಏನೂ ಇರಲಿಲ್ಲ. ಇಪ್ಪತ್ತಾರು ರನ್ನೂ ನೀರಿನಲ್ಲಿ ಮಾಡಿದ ಹೋಮವಾಗಿತ್ತು.

ಮನೆಯಲ್ಲಿ ಹೆಂಡತಿ ಪುಟ್ಟಲಕ್ಷ್ಮಿ ಕಾದು ಕೂತಿದ್ದಳು. ಅವಳು ಡೇಕೇರಿನಲ್ಲಿ ಕೆಲಸಕ್ಕಿದ್ದವಳು. ಅವನು ಕಾರು ನಿಲ್ಲಿಸುವಷ್ಟರಲ್ಲಿ ಮೂರು ಜನ ತಾಯಂದಿರು ಅವಳಿಗೆ ಫೋನು ಮಾಡಿಯಾಗಿತ್ತು.

"ಎಳೇ ಮಕ್ಕಳ್ ಮೇಲೆ ಏನ್ರೀ ನಿಮ್ ಪೌರುಷ? ನಾಳೆ ನಾನು ಆ ಹೆಂಗಸ್ರಿಗೆ ಹೆಂಗ್ ಮುಖ ತೋರಿಸ್ಲಿ?" ಎಂದು ಮುಖಕ್ಕೆ ಮಂಗಳಾರತಿ ಎತ್ತಿದಳು. ನಿಸರ್ಗಾ ತನ್ನ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸೋಮವಾರ ಡಯೇನ್ ಫೋನು ಮಾಡಿದಳು. ನೇರಳೆ ತಂಡದವರು ದೂರು ಕೊಟ್ಟಿದ್ದರು. ಲೀಗಿನವರ ತೀರ್ಮಾನ: ಹೆಚ್ಚಿನ ಪಂದ್ಯದ ದಿನ ಶ್ರೀಕಂಠ ಬೆಂಚಿನ ಹತ್ತಿರ ಬರುವಂತಿಲ್ಲ, ಬೇಲಿಯಾಚೆ ಕೂರಬೇಕು. ಅವನು ಬೇಡಿಕೊಂಡ. ತಾನಿಲ್ಲದಿದ್ದರೆ ಮಗಳ ಲಯ ತಪ್ಪುತ್ತದೆ ಎಂದ. ತಪ್ಪಿದರೆ ನಾನಿದ್ದೇನೆ ಎಂದಳು ಡಯೇನ್. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ವಾರವೆಲ್ಲ ಅವನು ಒಳಗೊಳಗೇ ಕುದ್ದ. ಇದೇ ಊರಿನಲ್ಲಿ ಬೆಳಿಗ್ಗೆ ಒಂದು ಇಮೇಲು ಕಳಿಸಿ ಮಧ್ಯಾಹ್ನದೊಳಗೆ ಅರ್ಧ ಆಫೀಸು ಖಾಲಿ ಮಾಡಿಸುವ ಜನ, ಪಾರ್ಕಿನಲ್ಲಿ ನಿಂತು ತನಗೆ ಕರುಣೆಯ ಪಾಠ ಹೇಳುತ್ತಾರಲ್ಲ ಎಂದು. ಆ ಮಾತಿನಲ್ಲಿ ಸತ್ಯ ಇಲ್ಲದಿರಲಿಲ್ಲ. ಆದರೆ ಇಮೇಲು ಕಳಿಸಿದವರು ಯಾರೋ, ಇವನು ರನ್ನು ಗುಡ್ಡೆ ಹಾಕಿದ್ದು ಯಾರ ಮೇಲೋ. ಸಂಜೆ ಪಾರ್ಕಿಂಗ್ ಜಾಗದಲ್ಲಿ ಗ್ಲೋವ್ಸು ಹಿಡಿದು ನಿಂತರೆ ನಿಸರ್ಗಾ ಬರಲಿಲ್ಲ. ಹೋಮ್‌ವರ್ಕ್ ಇದೆ ಎಂದಳು. ಹೋಗಲಿ, ಕೈಗೂ ವಿಶ್ರಾಂತಿ ಬೇಕು ಎಂದು ಅವನೇ ಸಮಾಧಾನ ಹೇಳಿಕೊಂಡ. ಗೆದ್ದುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡ. ಕಪ್ಪು ಹಿಡಿದು ನಿಂತ ಮಗಳ ಫೋಟೋ ಬಂದರೆ ಹಿಂದಿನ ಶನಿವಾರ ಯಾರಿಗೆ ನೆನಪಿರುತ್ತದೆ?

ಆ ಶನಿವಾರ ಅವನು ಬೇಲಿಯಾಚೆ, ಮೈದಾನದ ತುತ್ತತುದಿಯಲ್ಲಿ ಮಡಿಸುವ ಕುರ್ಚಿ ಹಾಕಿ ಕೂತ. ಹಸಿರು ಹುಡುಗಿಯರು ಮೈದಾನಕ್ಕಿಳಿದರು. ಚೆಂಡು ಹಿಡಿದು ನಡುವೆ ನಿಂತವಳು ಬೇರೆ ಯಾರೋ ಕೆಂಪು ಕೂದಲಿನ ಹುಡುಗಿ. ನಿಸರ್ಗಾ ಬಲಗಡೆಯ ದೂರದ ಮೂಲೆಯಲ್ಲಿ, ಮಕ್ಕಳ ಆಟದಲ್ಲಿ ಚೆಂಡೇ ಬಾರದ ಜಾಗದಲ್ಲಿ ನಿಂತಿದ್ದಳು. ಅಪ್ಪನಿಗೆ ಹತ್ತಿರದಲ್ಲೇ, ಬೆನ್ನು ಕೊಟ್ಟು.

ಆಟ ಹಗ್ಗಜಗ್ಗಾಟವಾಗಿ ನಡೆಯಿತು. ಕೆಂಪು ಕೂದಲಿನ ಹುಡುಗಿ ಸುಸ್ತಾದಾಗಲೆಲ್ಲ ಶ್ರೀಕಂಠ ತಂತಿ ಬೇಲಿಗೆ ಬೆರಳು ಸಿಕ್ಕಿಸಿ ಎದ್ದು ನಿಲ್ಲುತ್ತಿದ್ದ. ಈಗ ಕರೀತಾರೆ, ಈಗ ಕರೀತಾರೆ. ಕೊನೆಯ ಪಾಳಿಯಲ್ಲಿ ನಾಲ್ಕು ನಾಲ್ಕು ಸಮವಾಗಿ, ನೀಲಿಯವರು ಬೇಸು ತುಂಬಿ ನಿಂತಾಗ ಡಯೇನ್ ಚೆಂಡು ಹಿಡಿದು ಅಷ್ಟು ದೂರ ನಡೆದು ನಿಸರ್ಗಾಳ ಹತ್ತಿರ ಬಂದಳು. ಏನೋ ಕೇಳಿದಳು. ನಿಸರ್ಗಾ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಡಯೇನ್ ಅವಳ ಭುಜ ಮುಟ್ಟಿ ವಾಪಸು ಹೋದಳು. ಮರು ಚೆಂಡಿಗೇ ನೀಲಿಯವಳೊಬ್ಬಳು ಹೊಡೆದಳು, ಐದಾಯಿತು, ಮುಗಿಯಿತು.

ಶ್ರೀಕಂಠ ಬೇಲಿ ಸುತ್ತಿ ನೇರ ಡಯೇನ್ ಎದುರು ಹೋಗಿ ನಿಂತ. ನನ್ನ ಮೇಲಿನ ಸಿಟ್ಟನ್ನು ಮಗುವಿನ ಮೇಲೆ ತೀರಿಸಿಕೊಂಡಿರಾ ಎಂದು ಎಲ್ಲರೆದುರೇ ಕೂಗಾಡಿದ.

"ನಾನು ಬೆಳಿಗ್ಗೆಯಿಂದ ಮೂರು ಸಲ ಕೇಳಿದೆ" ಎಂದಳು ಡಯೇನ್. "ಒಲ್ಲೆ ಅಂದದ್ದು ಅವಳು. ಕಾರಣ ಅವಳನ್ನೇ ಕೇಳಿ."

ಕಾರು ಫ್ರೀವೇಗೆ ಹತ್ತಿದ ಮೇಲೆ ಅವನೇ ಕೇಳಿದ.

"ಯಾಕ್ ಕೂಸೇ ಹಿಂಗ್ ಮಾಡ್ದೆ? ನೀನ್ ಹಾಕಿದ್ರೆ ಗೆದ್ದೇ ಗೆಲ್ತಿದ್ವಲ್ಲ."

ನಿಸರ್ಗಾ ಕಿಟಕಿಯಾಚೆ ನೋಡುತ್ತಲೇ, ಎಂದಿನಂತೆ ಇಂಗ್ಲಿಷಿನಲ್ಲಿ ಹೇಳಿದಳು: ಗೊತ್ತು. ಗೆದ್ದಿದ್ದರೆ, ಹೋದ ವಾರ ಮಾಡಿದ್ದು ಸರಿ ಅಂತ ನೀನು ಅಂದುಕೊಳ್ಳುತ್ತಿದ್ದೆ.

ಅವನಿಗೆ ಬೈಯಬೇಕೆನಿಸಿತು. ಆದರೆ ಅವಳು ಹೇಳಿದ್ದು ನಿಜವಾಗಿತ್ತು. ವಾರವಿಡೀ ಅವನು ಅಂದುಕೊಂಡು ಕೂತಿದ್ದದ್ದು ಅದನ್ನೇ. ಹನ್ನೊಂದು ವರ್ಷದ ಹುಡುಗಿ ಅಪ್ಪನನ್ನು ಅಷ್ಟು ಸರಿಯಾಗಿ ಓದಿಬಿಟ್ಟಿದ್ದಳು. ತಪ್ಪಾಯಿತು ಎನ್ನುವ ಒಂದು ಮಾತು ನಾಲಗೆಯ ತುದಿಯವರೆಗೆ ಬಂತು. ಮಗಳಿಗೆ ಅಂಥ ಮಾತು ಹೇಳಿದ ಅಪ್ಪನನ್ನು ಅವನು ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಹೇಗೆ ಹೇಳಬೇಕೆಂದು ಗೊತ್ತಾಗದೆ, ಗ್ರೋಸರಿಗೆ ಹೋಗಬೇಕಾ ಎಂದು ಕೇಳಿದ. ಬೇಡ ಎಂದಳು.

ಮುಂದಿನ ವಸಂತದ ಹೊತ್ತಿಗೆ ಡಾಟ್ ಕಾಮುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಶೇಷಗಿರಿಯೂ ಮನೆಯಲ್ಲಿ ಕೂತಿದ್ದ. ಶ್ರೀಕಂಠನ ಕುರ್ಚಿ ಉಳಿದಿತ್ತು. ಅದೃಷ್ಟವಂತ ನೀನು ಎಂದು ಊಟದ ಮನೆಗಳಲ್ಲಿ ಈಗ ಅವನ ಕೈ ಕುಲುಕುತ್ತಿದ್ದರು. ನಿಸರ್ಗಾ ಮತ್ತೆ ಆಡಲು ಸೇರಿದಳು, ಮತ್ತೆ ಪಿಚ್ಚರ್ ಆದಳು, ಮೊದಲಿಗಿಂತ ಜೋರಾಗಿ ಎಸೆಯುತ್ತಾಳೆ ಎಂದು ಪುಟ್ಟಲಕ್ಷ್ಮಿ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದದ್ದು ಅವನ ಕಿವಿಗೆ ಬಿತ್ತು. ಶನಿವಾರ ಬೆಳಿಗ್ಗೆ ಡಯೇನ್ ಕಾರು ಬಂದು ಮೆಟ್ಟಿಲ ಕೆಳಗೆ ನಿಲ್ಲುತ್ತಿತ್ತು. ಪಂದ್ಯ ಯಾವ ಮೈದಾನದಲ್ಲಿ ಎಂದು ನಿಸರ್ಗಾ ಅವನಿಗೆ ಹೇಳುತ್ತಿರಲಿಲ್ಲ. ಅವನೂ ಕೇಳಲಿಲ್ಲ.